ಗಂಟಿನೊಳಗೆ ಉಳಿದ ಮೂರು ಚಿತ್ರ

ಭೂಪಾಲ ಮಾಮಾ ನನ್ನ ತಾಯಿಯ ಅಣ್ಣ. ಅಥಣಿಯ ಟಾಕೀಸೊಂದರಲ್ಲಿ ಮೂವತ್ತು ವರ್ಷ ಮಷಿನ್ ನಡೆಸಿದವನು. ಹೀರೊಗಳ ಹೆಸರು ಅವನಿಗೆ ನೆನಪಿರುತ್ತಿರಲಿಲ್ಲ; ಯಾವ ರೀಲು ಎಲ್ಲಿ ಹರಿದಿತ್ತು, ಎಲ್ಲಿ ಜೋಡಿಸಿದ್ದ ಎಂಬುದು ಮಾತ್ರ ಬಾಯಿಪಾಠ. ಕಣ್ಣಿಗೆ ಪೊರೆ ಬಂದ ಮೇಲೆ ಕೆಲಸ ಬಿಟ್ಟು ಕಾಗವಾಡದ ಹತ್ತಿರ ನಮ್ಮ ಮನೆಗೆ ಬಂದ. ಮದುವೆ ಆದವನಲ್ಲ. ತಂದ ಸಾಮಾನೆಂದರೆ ಒಂದು ಹಾಸಿಗೆ, ನಾಲ್ಕು ತಗಡಿನ ಡಬ್ಬಿ.

ಡಬ್ಬಿಗಳಲ್ಲಿ ಅಜ್ಜನ ಕಾಲದ ರೀಲುಗಳಿದ್ದವು. ಅಜ್ಜ ಊರೂರಿಗೆ ಡೇರೆ ಹೊಡೆದು ಮೂಕಿ ಚಿತ್ರ ತೋರಿಸುತ್ತಿದ್ದನಂತೆ. ಒಂದು ವರ್ಷ ಕುಡಚಿಯಲ್ಲಿ ಹೊಳೆ ಏರಿದ್ದನ್ನು ಕ್ಯಾಮೆರಾದವನೊಬ್ಬ ಸುದ್ದಿಚಿತ್ರಕ್ಕೆಂದು ತೆಗೆದ. ಅದರಲ್ಲಿ ಮಾಮಾನ ತಾಯಿ, ನನ್ನ ಅಜ್ಜಿ ಗಂಗೂಬಾಯಿ ಕೊಡ ಹೊತ್ತು ಬರುತ್ತಾಳೆ, ಒಮ್ಮೆ ತಿರುಗಿ ನೋಡುತ್ತಾಳೆ. ಮರುವರ್ಷವೇ ತೀರಿಕೊಂಡಳು. ಅವಳ ಫೋಟೊ ಒಂದೂ ಇಲ್ಲ. ಅಜ್ಜ ಹೇಗೋ ಆ ಚಿತ್ರದ ಪ್ರತಿ ಸಂಪಾದಿಸಿದ್ದ; ಅದೂ ಈ ಡಬ್ಬಿಗಳಲ್ಲೇ ಇತ್ತು. ಮಾಮಾ ಪ್ರತಿ ಶುಕ್ರವಾರ ಡಬ್ಬಿಗಳನ್ನು ಧೋತರದ ಚುಂಗಿನಿಂದ ಒರೆಸಿಡುತ್ತಿದ್ದ.

೧೯೮೮ರಲ್ಲಿ ನಮ್ಮ ದ್ರಾಕ್ಷಿ ಮೊದಲ ಸಲ ಹಣ್ಣಾಯಿತು. ಹಕ್ಕಿಗಳ ಕಾಟವೋ ಕಾಟ. ಎಲ್ಲರೂ ಕೆಟ್ಟ ಕ್ಯಾಸೆಟ್ಟಿನ ಟೇಪು ಕಟ್ಟುತ್ತಿದ್ದರು. ಗಾಳಿಗೆ ಅದು ಮಿಂಚಿದರೆ ಹಕ್ಕಿ ಬರುವುದಿಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಮಾಮಾ ಕಣ್ಣು ತೋರಿಸಲು ಮಿರಜಿಗೆ ಹೋದ ದಿನ ಡಬ್ಬಿ ಬಿಚ್ಚಿ, ರೀಲು ತುಂಡು ಮಾಡಿ, ತೋಟದ ತಂತಿಗೆಲ್ಲ ಕಟ್ಟಿಬಿಟ್ಟೆ. ಹುಳಿ ನಾತ ಹೊಡೆಯುವ ಈ ಕಸ ಯಾರಿಗೆ ಬೇಕು ಎಂದುಕೊಂಡೆ. ಡಬ್ಬಿ ಹಗುರಾದದ್ದು ತಿಳಿಯಬಾರದೆಂದು ತೋಟದ ಮಣ್ಣು ತುಂಬಿ ಮುಚ್ಚಿದೆ.

ಮೂರು ವರ್ಷ ಅವನು ಆ ಮಣ್ಣಿನ ಡಬ್ಬಿಗಳನ್ನು ಒರೆಸಿದ. ನಾನು ಎದುರಿಗೇ ಕೂತು ರೊಟ್ಟಿ ತಿಂದೆ.

ಆಮೇಲೆ, ಅಥಣಿ ಟಾಕೀಸಿನವರಿಂದ ರೀಲುಗಳ ಸುದ್ದಿ ತಿಳಿದು, ಧಾರವಾಡದಿಂದ ಸಂಶೋಧಕಿಯೊಬ್ಬರ ಕಾಗದ ಬಂತು. ಮೂಕಿ ಕಾಲದ ಚಿತ್ರಗಳೆಲ್ಲ ಸುಟ್ಟು, ಕೊಳೆತು ಹೋಗಿವೆ, ಒಂದು ರೀಲು ಸಿಕ್ಕರೂ ದೊಡ್ಡದು, ಹೊಸ ಪ್ರತಿ ಮಾಡಿಸೋಣ ಎಂದು ಬರೆದಿದ್ದರು. ಕಾಗದ ಓದಿ ಹೇಳಿದವನು ನಾನೇ. ಸಾಯುವುದರೊಳಗೆ ಅವ್ವನನ್ನು ಇನ್ನೊಮ್ಮೆ ಪರದೆ ಮೇಲೆ ನೋಡುತ್ತೇನೆಂದು ಮಾಮಾ ಮನೆತುಂಬ ಹೇಳಿಕೊಂಡು ತಿರುಗಿದ. ನನಗೆ ಎಂಟು ದಿನ ಸಮಯವಿತ್ತು. ಬಾಯಿ ಬಿಡಲಿಲ್ಲ.

ಆಕೆ ಬಂದು ಮುಚ್ಚಳ ತೆಗೆದರು. ಮಾಮಾ ಕೈ ಹಾಕಿ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದ. ಬೈಯಲಿಲ್ಲ.

"ಎಲ್ಲಿ ಇಟ್ಟೀಯೋ, ಬಾಳಾಸಾಬ?" ಎಂದು ನನ್ನನ್ನು ಕೇಳಿದ.

ತೋಟಕ್ಕೆ ಕರೆದೊಯ್ದೆ. ತಂತಿಯಲ್ಲಿ ಅಲ್ಲಲ್ಲಿ ಚೂರುಗಳು ಇನ್ನೂ ಇದ್ದವು. ಬಿಸಿಲು ಮಳೆಗೆ ಚಿತ್ರವೆಲ್ಲ ತೊಳೆದುಹೋಗಿ ಬರೀ ಬಿಳಿ ಪಟ್ಟಿ ಉಳಿದಿತ್ತು. ಆಕೆ ಸುಮ್ಮನಾಗದೆ ನಾನು ಹಾಕಿದ್ದ ಗಂಟುಗಳನ್ನು ಒಂದೊಂದೇ ಬಿಚ್ಚತೊಡಗಿದರು. ಇಪ್ಪತ್ತನೆಯದೋ ಏನೋ, ಒಂದು ಗಂಟಿನೊಳಗೆ ಬಿಸಿಲು ತಾಗದ ಮೂರು ಚಿತ್ರ ಉಳಿದಿದ್ದವು. ಸೂರ್ಯನಿಗೆ ಹಿಡಿದು ನೋಡಿದೆ. ಸೀರೆಯ ನಿರಿಗೆ, ಸೊಂಟ, ಭುಜ. ಅದರ ಮೇಲೆ ಎಲ್ಲ ಬಿಳಿ.

ಮಾಮಾ ಅದನ್ನು ಇಸಿದುಕೊಂಡು ಕಣ್ಣಿಗೆ ಒತ್ತಿ ಹಿಡಿದ. ಆಮೇಲೆ ನನ್ನ ಕೈಗೇ ಕೊಟ್ಟ.

"ನನಗ ಕಾಣವಲ್ದು. ನೀ ನೋಡಿ ಹೇಳು. ಅವ್ವನ ಮಾರಿ ಐತೇನು?"

ಸಂಶೋಧಕಿ ನನ್ನನ್ನೇ ನೋಡುತ್ತಿದ್ದರು. "ಐತಿ ಮಾಮಾ," ಎಂದೆ.

"ಮೂಗಿನ್ಯಾಗ ನತ್ತು?"

"ಐತಿ. ಚಂದ ಕಾಣಾಕತ್ತೈತಿ."

ಮಾಮಾ ತಲೆಯಾಡಿಸಿದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಮ್ಮವ್ವ ಹುಟ್ಟಿ ಸಾಯೂತನಕ ಒಂದ ದಿನಾನೂ ನತ್ತು ಇಟ್ಟಿಲ್ಲೋ," ಎಂದು ಹೇಳಿ, ಸಾಲು ಹಿಡಿದು ತಡವರಿಸುತ್ತ ಒಬ್ಬನೇ ಮನೆಗೆ ನಡೆದ.