ಗೌರಮ್ಮ ನಿಲ್ಲಿಸಿದ ಯಂತ್ರ

ಕಾಫಿ ತೊಳೆಯುವ ಯಂತ್ರವನ್ನು ಹಳೆಯ ಕೆಲಸಗಾರ್ತಿ ಗೌರಮ್ಮ ನಿಲ್ಲಿಸಿಬಿಟ್ಟಿದ್ದರು. ಅದನ್ನು ಶುರು ಮಾಡಲು ಚೀಟಿ ಬರೆದುಕೊಟ್ಟವಳು ನಾನು. ಏಳು ವರ್ಷದ ಹಿಂದೆ, ವನಗೂರಿನ ಎಸ್ಟೇಟಿನಲ್ಲಿ ಸಹಾಯಕ ಮ್ಯಾನೇಜರ್ ಆಗಿ ಅದು ನನ್ನ ಮೊದಲ ಕೊಯ್ಲು. ಸಿಪ್ಪೆ ತೆಗೆದ ಬೀಜ ಒಂದು ದಿನ ತೊಟ್ಟಿಯಲ್ಲಿದ್ದರೆ ಅದಕ್ಕೆ ಅಂಟಿದ ಲೋಳೆ ಬಿಡುತ್ತದೆ, ಆಮೇಲೆ ತೊಳೆಯಬಹುದು ಎಂದು ಕಾಲೇಜಿನಲ್ಲಿ ಓದಿದ್ದೆ.

ಮ್ಯಾನೇಜರ್ ಫಿಲೋಮಿನಾ ಮೇಡಂ ಬಂದು, "ಯಾರು ನಿಲ್ಲಿಸಿದ್ದು?" ಎಂದರು. ಕೆಲಸದವರೆಲ್ಲ ನೆಲ ನೋಡಿದರು. ಹಿಂದಿನ ಮ್ಯಾನೇಜರ್ ಕಾಲದಲ್ಲಿ ಹೀಗೆ ಮಾಡಿದವರಿಗೆ ಮರುದಿನ ಕೆಲಸ ಇರುತ್ತಿರಲಿಲ್ಲವಂತೆ.

"ನಾನೇ ಕಣ್ರವ್ವ," ಎಂದರು ಗೌರಮ್ಮ. "ಈ ಚಳೀಲಿ ಲೋಳೆ ಇನ್ನೂ ಬಿಟ್ಟಿಲ್ಲ. ಚೀಟಿಗೇನು ಗೊತ್ತಾಯ್ತದೆ ಚಳಿ?"

ಯಾರೋ ಕಿಸಕ್ಕೆಂದರು. ನನ್ನ ಮುಖ ಬಿಸಿಯಾಯಿತು. ಮೇಡಂ ಸೆರಗು ಸಿಕ್ಕಿಸಿ ತೊಟ್ಟಿಗೆ ಕೈ ಹಾಕಿದರು, ನನ್ನ ಕೈಯನ್ನೂ ಹಾಕಿಸಿದರು. ಬೀಜ ಮೀನಿನ ಹಾಗೆ ಜಾರಿತು. ಹಾಗೇ ತೊಳೆದು ಒಣಗಲು ಹಾಕಿದ್ದರೆ ಇಡೀ ತೊಟ್ಟಿಯ ಕಾಫಿ ಕಣದಲ್ಲೇ ಹುಳಿ ನಾರುತ್ತಿತ್ತು.

"ಉಳಿಸಿದ್ರಿ ಗೌರಮ್ಮ. ಇನ್ನು ನೀವು ಹೂಂ ಅಂದ ಮೇಲೇನೇ ಇವರು ಚೀಟಿ ಬರೀತಾರೆ," ಎಂದರು ಮೇಡಂ, ಎಲ್ಲರಿಗೂ ಕೇಳುವಂತೆ. ನನ್ನನ್ನು ಬೈಯಲಿಲ್ಲ.

ಮರುದಿನ ಬೆಳಿಗ್ಗೆ ಗೌರಮ್ಮ ಒಂದು ಹಿಡಿ ಬೀಜ ಉಜ್ಜಿದರು. ಲೋಳೆ ಬಿಟ್ಟಿತ್ತು, ಜಲ್ಲಿಯಂತೆ ಗರಗರ ಸದ್ದಾಯಿತು. ಅವರು ಹೂಂ ಎಂದರು, ನಾನು ಬರೆದೆ. ಆ ಕೊಯ್ಲಿನ ಒಂದು ಮೂಟೆಯೂ ಖರೀದಿದಾರರಿಂದ ವಾಪಸ್ ಬರಲಿಲ್ಲ.

ಈಗ ಅಲ್ಲಿ ನಾನೇ ಮ್ಯಾನೇಜರ್. ಈ ವರ್ಷವೂ ಎರಡು ಸಲ ಯಂತ್ರ ನಿಂತಿತು. ಯಾರು ನಿಲ್ಲಿಸಿದ್ದು ಎಂದು ಕೇಳಿದೆ. ಯಾರೂ ನೆಲ ನೋಡಲಿಲ್ಲ.