ತೆಲಸಂಗದ ಹಗೇವು

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ನಂಬಿದವನು ನಾನು. ಯಾರಾದರೂ ವಿಚಿತ್ರ ಅನುಭವ ಹೇಳತೊಡಗಿದರೆ ನಗು ಬರುತ್ತಿತ್ತು. ಈಗ ನನ್ನದನ್ನು ಕೇಳಿ ನೀವು ನಕ್ಕರೂ ಬೇಸರವಿಲ್ಲ.

ತೊಂಬತ್ತರ ದಶಕದಲ್ಲಿ ಅಥಣಿ ತಾಲೂಕಿನ ಕರೆಂಟಿಲ್ಲದ ತೋಟದ ಮನೆಗಳಿಗೆ ಸೋಲಾರ್ ದೀಪ ಕೂಡಿಸುವುದು ನನ್ನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ತೆಲಸಂಗದ ಆಚೆ ಭರಮಪ್ಪ ಎಂಬ ಜೈನ ರೈತನ ಮನೆಗೆ ಹೋದೆ. ಅವನ ತಾಯಿ ಪದ್ಮವ್ವ, "ನಾವು ಹೊತ್ತು ಮುಳುಗೂದರಾಗ ಉಂಡು ಮಲಗವರು. ನಮಗ್ಯಾಕರಿ ದೀಪ?" ಎಂದರು.

"ಹಗೇವಿನ್ಯಾಗ ಬೇಕಾಗತೈತಿ ಬೇ," ಎಂದ ಭರಮಪ್ಪ.

ಅಂಗಳದಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವನ್ನು ಅಂದೇ ತೆರೆದಿದ್ದರು. ಬಹಳ ಕಾಲ ಮುಚ್ಚಿದ ಹಗೇವಿನ ಗಾಳಿ ಕೆಟ್ಟಿರುತ್ತದೆ. ಅದಕ್ಕೇ ಮೊದಲು ಕಂದೀಲು ಇಳಿಬಿಡುತ್ತಾರೆ. ಅದು ಆರಿದರೆ ಯಾರೂ ಇಳಿಯುವುದಿಲ್ಲ. ಅಂದು ಕಂದೀಲಿನ ಬದಲು ನನ್ನ ಸೋಲಾರ್ ದೀಪ ಇಳಿಬಿಟ್ಟೆವು. ಅದು ಆರಲಿಲ್ಲ. ಬ್ಯಾಟರಿಯ ದೀಪ ಗಾಳಿ ಕೆಟ್ಟರೂ ಆರುವುದಿಲ್ಲವೆಂಬುದು ನನಗೂ ಹೊಳೆಯಲಿಲ್ಲ.

ಹಗೇವಿನ ಒಳಗನ್ನು ನೋಡುವ ಆಸೆಯಿಂದ ನಾನೇ ಇಳಿಯುತ್ತೇನೆ ಎಂದೆ. "ಹಗ್ಗ ಇಲ್ದ ಇಳಿಬ್ಯಾಡ್ರಿ," ಎಂದು ಪದ್ಮವ್ವ ನನ್ನ ನಡುವಿಗೆ ಹಗ್ಗ ಕಟ್ಟಿಸಿದರು. ದೀಪವನ್ನು ಮುಂಗೈಗೆ ಬಿಗಿದುಕೊಂಡೆ.

ಜೋಳದ ಮೇಲೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಮೊಣಕಾಲು ಕುಸಿದವು. ಏಳಲಾಗಲಿಲ್ಲ. ಕೂಗಬೇಕೆಂದರೆ ನಾಲಿಗೆ ಹೊರಳಲಿಲ್ಲ. ಮೇಲೆ ಹಗೇವಿನ ಬಾಯಿ ಬಿಲ್ಲೆಯಷ್ಟು ಕಾಣುತ್ತಿತ್ತು. ಅದನ್ನು ನೋಡುತ್ತ, ಇಲ್ಲಿಂದ ಇನ್ನು ಹೊರಗೆ ಹೋಗುವುದಿಲ್ಲ ಎಂದುಕೊಂಡೆ. ದೀಪ ಮಾತ್ರ ಕಣ್ಣೆದುರೇ ಬೆಳ್ಳಗೆ ಉರಿಯುತ್ತಿತ್ತು.

ಆಗ ಪದ್ಮವ್ವನ ದನಿ ಸ್ಪಷ್ಟವಾಗಿ ಕೇಳಿಸಿತು: "ದೀಪ ಆರೇತಿ. ಜಗ್ಗೋ ಲೇ, ಭರಮ್ಯಾ."

ಆರಿಲ್ಲ ಎನ್ನಬೇಕೆಂದುಕೊಂಡೆ. ಹಗ್ಗ ಬಿಗಿಯಿತು.

ಅಂಗಳದ ಗಾಳಿಯಲ್ಲಿ ಎಚ್ಚರವಾದಾಗ ಭರಮಪ್ಪ ಬೆವರಿನಲ್ಲಿ ತೊಯ್ದು ಕೂತಿದ್ದ. "ಒಳಗ ಪೂರಾ ಕತ್ತಲಿ ಆಗಿತ್ರಿ ಸರ," ಎಂದ. "ಆದ್ರ ನೀವು ಮ್ಯಾಗ ಬಂದಾಗ ನಿಮ್ಮ ಕೈಯಾಗ ಅದು ಉರೀತಿತ್ತು."

ಅಥಣಿಗೆ ಬಂದು ದೀಪ ಬಿಚ್ಚಿ ನೋಡಿದೆ. ತಂತಿ, ಬ್ಯಾಟರಿ, ಸ್ವಿಚ್ಚು ಎಲ್ಲ ಸರಿಯಿದ್ದವು. ನನಗೆ ಭ್ರಮೆಯಾಗಿತ್ತು ಎನ್ನಬಹುದು. ಆದರೆ ಒಳ್ಳೆಯ ಗಾಳಿಯಲ್ಲಿದ್ದ ಇಬ್ಬರಿಗೂ ಕತ್ತಲೆ ಹೇಗೆ ಕಂಡಿತು? ಅವರಿಗೂ ಬೆಳಕು ಕಂಡಿದ್ದರೆ, ನಾನಿನ್ನೂ ಜೋಳ ನೋಡುತ್ತಿದ್ದೇನೆ ಎಂದುಕೊಂಡು ಸುಮ್ಮನೆ ಕೂತಿರುತ್ತಿದ್ದರು. ಅಲ್ಲಿಂದ ಮುಂದಕ್ಕೆ ನನ್ನ ಬುದ್ಧಿ ಹೋಗುವುದಿಲ್ಲ.