ಕಿವಿ ಮಷೀನಿಗೆ ತೆರಿಗೆ ಇಲ್ಲ

ಗೆಳೆಯರೆ, ಇವತ್ತು ಸಿಂಧನೂರಿನ ಅಂಗಡಿಯೊಂದರಲ್ಲಿ ಜಗಳ ತೆಗೆದು ಸೋತು ಬಂದೆ. ಸೋತದ್ದಕ್ಕೆ ಖುಷಿಯಾಗಿದೆ.

ನಮ್ಮ ಯಜಮಾನರಿಗೆ ಎರಡು ವರ್ಷದಿಂದ ಕಿವಿ ಕೇಳುತ್ತಿರಲಿಲ್ಲ. ಯಾರು ಏನಂದರೂ ನಕ್ಕು ತಲೆಯಾಡಿಸುತ್ತಿದ್ದರು. ಈಚೆಗೆ ಚಹಾದ ಹೋಟೆಲಿಗೆ ಹೋಗುವುದನ್ನೂ ಬಿಟ್ಟಿದ್ದರು. ಅದಕ್ಕೇ ಕಿವಿ ಮಷೀನು ಕೊಡಿಸಲು ಕರೆದುಕೊಂಡು ಹೋಗಿದ್ದೆ.

ಅಂಗಡಿಯ ಹೆಣ್ಣುಮಗಳು ಅವರ ಕಿವಿಗೆ ಮಷೀನು ಹಾಕಿದ ಕೂಡಲೇ ನಾನು ಶುರು ಮಾಡಿದೆ. ಬಳೆ ಅಂಗಡಿ ಇಟ್ಟವಳು ನಾನು, ವ್ಯಾಪಾರ ಗೊತ್ತಿದೆ.

"ಬಿಲ್ ಬ್ಯಾಡವಾ, ತೆರಿಗಿ ಬಿಟ್ಟು ರೇಟ್ ಹೇಳು."

"ಇದಕ್ಕ ತೆರಿಗಿನ ಇಲ್ರೀ ಅಮ್ಮಾ. ಸರ್ಕಾರದವರು ಮಾಫ್ ಮಾಡ್ಯಾರ. ಬಿಲ್ ಒಯ್ರಿ, ಕೆಟ್ರ ರಿಪೇರಿಗೆ ಬೇಕಾಗ್ತದ."

"ಬಿಸ್ಕೀಟಿಗೂ ತೆರಿಗಿ ಹಾಕವರು ಇದಕ್ಕ ಬಿಡ್ತಾರೇನು? ರೇಟಿನ್ಯಾಗ ಸೇರಿಸಿ ಯಾರಿಗೆ ಟೋಪಿ ಹಾಕ್ತಿ?"

ಅವಳು ಬಿಲ್ಲಿನಲ್ಲಿ ತೆರಿಗೆಯ ಮುಂದಿದ್ದ ಸೊನ್ನೆಯನ್ನು ಬೆರಳಿಟ್ಟು ತೋರಿಸಿದಳು. ನಾನು ಓದಿದ್ದು ಮೂರನೇ ಇಯತ್ತೆ. ಸೊನ್ನೆ ಓದಲು ಬರುತ್ತದೆ, ನಂಬಲು ಬರಲಿಲ್ಲ. ಮತ್ತೆ ಒದರಿದೆ.

ಆಗ ಪಕ್ಕದ ಕುರ್ಚಿಯಿಂದ ಯಜಮಾನರ ದನಿ ಬಂತು. "ಸಾಕ್ ಬಿಡಬೇ. ಆಕಿ ಆಗಿಂದ ತೆರಿಗಿ ಇಲ್ಲ ಅನ್ನಾಕತ್ಯಾಳ. ನಿನಗ ಕಿವಿ ಕೇಳವಲ್ದೇನು?"

ಆ ಹೆಣ್ಣುಮಗಳ ಕೈ ಹಿಡಿದು, "ತಪ್ಪಾತವಾ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದೆ. ತೆರಿಗೆ ಬಿಟ್ಟ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆಯೂ ತಣ್ಣಗಿರಲಿ.

ಬಸ್ಸಿನಲ್ಲಿ ಅವರು ನಮ್ಮೂರು ತುರ್ವಿಹಾಳ ಬರುವ ತನಕ ಕಂಡಕ್ಟರನ ಜೊತೆ ಹರಟಿದರು. ನಾನು ಸುಮ್ಮನೆ ಕೂತು ಕೇಳಿದೆ. ಅವರನ್ನು ಎದುರಿಗೇ ಮೆಲ್ಲಗೆ ಬೈದುಕೊಳ್ಳುವ ನನ್ನ ಕಾಲ ಮಾತ್ರ ಇವತ್ತಿಗೆ ಮುಗಿಯಿತು.